ವೈಫೈ ಕಾಣವಲ್ದು ಅಂದ್ರ ಯಾರಿಗೆ ಕಾಣವಲ್ದು? ಕ್ಯೂಬ್ಸ್ ಲ್ಯಾಪ್‌ಟಾಪ್‌ನಲ್ಲಿ ದೋಷ ಹುಡುಕುವ ಬಗೆ

ಧಾರವಾಡದ ಸಾಧನಕೇರಿ ಹತ್ತಿರ ಇರುವ ವಕೀಲ ಮಿತ್ರರೊಬ್ಬರು ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿ, "ವೈಫೈ ಕಾಣವಲ್ದು ನೋಡ್ರಿ, ಅಂಗಡಿಯಂವ ಕೆಟ್ಟ ಮಾಲ್ ಕೊಟ್ಟಾನ" ಅಂದರು. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಅದು. ಇವರು ಹೈಕೋರ್ಟ್ ಪೀಠದಲ್ಲಿ ಕೆಲಸ ಮಾಡುವವರು. ಕಕ್ಷಿದಾರರ ಕಾಗದಪತ್ರ ಒಂದು ಕಡೆ, ಗುರುತು ಪರಿಚಯ ಇಲ್ಲದವರ ಇಮೇಲ್ ಅಟ್ಯಾಚ್‌ಮೆಂಟ್ ಇನ್ನೊಂದು ಕಡೆ ಇರಲಿ ಅಂತ ಕ್ಯೂಬ್ಸ್ ಓಎಸ್ ಹಾಕಿಕೊಂಡಿದ್ದರು. ಒಂದೊಂದು ಕೆಲಸವನ್ನು ಒಂದೊಂದು ಪ್ರತ್ಯೇಕ ಕೋಣೆಯಲ್ಲಿ ನಡೆಸುವ ಕಾರ್ಯವ್ಯವಸ್ಥೆ ಅದು. ಎರಡು ದಿನ ನಡೆದ ವೈಫೈ ಮೂರನೇ ದಿನ ಮಾಯ.

"ಯಾರಿಗೆ ಕಾಣವಲ್ದು?" ಅಂತ ಕೇಳಿದೆ.

"ನನಗ! ಮತ್ಯಾರಿಗೆ?"

ವಿಂಡೋಸ್‌ನಲ್ಲೋ ಉಬುಂಟುವಿನಲ್ಲೋ ಆ ಉತ್ತರ ಸಾಕು. ಕ್ಯೂಬ್ಸ್‌ನಲ್ಲಿ ಸಾಲದು, ಯಾಕೆಂದರೆ ಅಲ್ಲಿ ಒಂದೇ ಯಂತ್ರದೊಳಗೆ ಹಲವು ಯಂತ್ರಗಳಿವೆ (ವರ್ಚುವಲ್ ಮಷೀನುಗಳು; ಕ್ಯೂಬ್ಸ್ ಭಾಷೆಯಲ್ಲಿ 'ಕ್ಯೂಬ್'). ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಹಾಗೆ ಕಾಣದಂತೆ ಮಾಡಿರುವುದೇ ಅದರ ಭದ್ರತೆ. ನಮ್ಮ ಕಡೆಯ ಹಳೆ ಮನೆಗಳನ್ನು ನೆನೆಸಿಕೊಳ್ಳಿ. ಹೊರಗಿನಿಂದ ಬಂದವರಿಗೆ ಕಟ್ಟೆ, ಹೆಚ್ಚೆಂದರೆ ಪಡಸಾಲೆ. ದೇವರ ಕೋಣೆಗೆ ಯಾರನ್ನೂ ಬಿಡುವುದಿಲ್ಲ, ಅದಕ್ಕೆ ಕಿಟಕಿಯೂ ಇರುವುದಿಲ್ಲ. ಕ್ಯೂಬ್ಸ್‌ನಲ್ಲಿ ಡಾಮ್-ಝೀರೋ ಅನ್ನುವುದು ಆ ದೇವರ ಕೋಣೆ. ಇಡೀ ಮನೆಯ ಕೀಲಿಕೈ ಗೊಂಚಲು ಅಲ್ಲಿದೆ, ನೆಟ್‌ವರ್ಕ್ ಮಾತ್ರ ಇಲ್ಲ. ಸಿಸ್-ನೆಟ್ ಪಡಸಾಲೆ. ವೈಫೈ ಕಾರ್ಡನ್ನು ಡಾಮ್-ಝೀರೋ ತಾನು ಮುಟ್ಟದೆ, ಈ ಒಳಯಂತ್ರಗಳನ್ನೆಲ್ಲ ಬೇರೆ ಬೇರೆ ಇಟ್ಟು ನಡೆಸುವ ಕ್ಸೆನ್ ಹೈಪರ್‌ವೈಸರ್ ಮೂಲಕ ಇಡಿಯಾಗಿ ಸಿಸ್-ನೆಟ್ ಕೈಗೆ ದಾಟಿಸುತ್ತದೆ. ಅಲ್ಲಿಂದ ಸಿಸ್-ಫೈರ್‌ವಾಲ್, ಆಮೇಲೆ ನೀವು ಬ್ರೌಸರ್ ತೆರೆಯುವ ಕ್ಯೂಬ್.

ಹಾಗಾಗಿ ಕಾರ್ಡು ಎಷ್ಟೋ ಹೊಸ್ತಿಲು ದಾಟಿ ಬರಬೇಕು. ಮೊದಲು ಡಾಮ್-ಝೀರೋ ಪಟ್ಟಿಯಲ್ಲಿ ಇರಬೇಕು. ಸಿಸ್-ನೆಟ್ ಎದ್ದು ನಿಲ್ಲಬೇಕು. ಅದರೊಳಗಿನ ಡ್ರೈವರ್ ಕಾರ್ಡನ್ನು ಗುರುತಿಸಬೇಕು, ಕಾರ್ಡಿನೊಳಗೇ ಓಡುವ ಪುಟ್ಟ ತಂತ್ರಾಂಶ ಫರ್ಮ್‌ವೇರ್ ಸಿಗಬೇಕು, ರೇಡಿಯೋ ಸ್ವಿಚ್ ತೆರೆದಿರಬೇಕು. ಯಾವ ಹೊಸ್ತಿಲಲ್ಲಿ ನಿಂತಿದೆ ಅಂತ ತಿಳಿಯುವ ಮೊದಲೇ ಪರಿಹಾರ ಹುಡುಕಲು ಹೊರಟರೆ, ಇದ್ದ ಒಂದು ದೋಷಕ್ಕೆ ನೀವೇ ಇನ್ನೆರಡು ಸೇರಿಸುತ್ತೀರಿ. ನಾನು ಸೇರಿಸಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಒಂದು ಸೂಚನೆ. ಆದೇಶಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳೇ ಬೇಕು.

ಶುರು ದೇವರ ಕೋಣೆಯಿಂದ

ಡಾಮ್-ಝೀರೋ ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ ಅನ್ನಿ. ಮದರ್‌ಬೋರ್ಡಿಗೆ ಅಂಟಿಕೊಂಡ ಎಲ್ಲದರ ಪಟ್ಟಿ ಬರುತ್ತದೆ. ಅದರಲ್ಲಿ 'ನೆಟ್‌ವರ್ಕ್ ಕಂಟ್ರೋಲರ್' ಎಂಬ ಸಾಲು ಹುಡುಕಿ. ಸಾಲಿನ ಮೊದಲಿಗೆ 02:00.0 ತರಹದ ವಿಳಾಸ ಇರುತ್ತದೆ, ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಇಂಟೆಲ್‌ನ ಈಚಿನ ಯಂತ್ರಗಳಲ್ಲಿ ವೈಫೈ ಬಹುಪಾಲು 00:14.3ರಲ್ಲೇ ಕೂತಿರುತ್ತದೆ. ಹೆಸರಿನ ಬದಲು ಬರೀ ಅಂಕಿ ಬಂದರೂ ಕಂಪನಿ ತಿಳಿಯುತ್ತದೆ: 8086 ಅಂದರೆ ಇಂಟೆಲ್, 10ಇಸಿ ರಿಯಲ್‌ಟೆಕ್, 14ಇ4 ಬ್ರಾಡ್‌ಕಾಮ್, 168ಸಿ ಅಥೆರೋಸ್, 14ಸಿ3 ಮೀಡಿಯಾಟೆಕ್.

ಅದೇ ಆದೇಶಕ್ಕೆ ಅಡ್ಡಗೆರೆ ಕೆ ಸೇರಿಸಿದರೆ ಯಾವ ಡ್ರೈವರ್ ಹಿಡಿದಿದೆ ಅಂತ ತೋರಿಸುತ್ತದೆ. ಅಲ್ಲಿ 'ಪಿಸಿಐಬ್ಯಾಕ್' ಅಂತ ಇದ್ದರೆ ಗಾಬರಿ ಬೇಡ. ಬೇರೆ ಲಿನಕ್ಸ್‌ನಿಂದ ಬಂದವರು ಅದನ್ನು ನೋಡಿದ ಕೂಡಲೇ ಇದೇ ರೋಗ ಅಂದುಕೊಂಡು ಡಾಮ್-ಝೀರೋದಲ್ಲೇ ಡ್ರೈವರ್ ಹಾಕಲು ಕೂರುತ್ತಾರೆ. ಬೂಟ್ ಆಗುವಾಗಲೇ ನೆಟ್‌ವರ್ಕ್ ಕಾರ್ಡುಗಳನ್ನು ಡಾಮ್-ಝೀರೋದ ಡ್ರೈವರ್‌ಗಳ ಕೈಗೆ ಸಿಗದಂತೆ ಮುಚ್ಚಿಡುವ ಪರದೆ ಅದು. ಪರದೆ ಇರಲೇಬೇಕು.

ಪಟ್ಟಿಯಲ್ಲಿ ಕಾರ್ಡು ಇಲ್ಲವೇ ಇಲ್ಲ ಅಂದರೆ ಕ್ಯೂಬ್ಸ್ ಅನ್ನು ಬೈಯಬೇಡಿ, ದೋಷ ಅದಕ್ಕಿಂತ ಕೆಳಗಿದೆ. ಬಯೋಸ್‌ನಲ್ಲಿ ವೈರ್‌ಲೆಸ್ ಬಂದ್ ಆಗಿದೆಯೋ ನೋಡಿ. ಅದೇ ಯಂತ್ರದಲ್ಲಿ ವಿಂಡೋಸ್ ಕೂಡ ಇದ್ದರೆ ಅದರ 'ಫಾಸ್ಟ್ ಸ್ಟಾರ್ಟಪ್' ಬಂದ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮಂತ್ರದ ಹಾಗೆ ಕಾಣಿಸಿದರೂ ಕಾರ್ಡಿನಲ್ಲಿ ಉಳಿದ ವಿದ್ಯುತ್ ಪೂರ್ತಿ ಇಳಿದ ಮೇಲೆ ಎಷ್ಟೋ ಸಲ ಅದು ಮತ್ತೆ ಕಣ್ಣು ಬಿಡುತ್ತದೆ.

ಸೆಕೆಂಡ್‌ಹ್ಯಾಂಡ್ ಯಂತ್ರಕ್ಕೆ ಇಲ್ಲಿ ಬೇರೆಯದೇ ಒಂದು ಪೇಚು ಇದೆ. ಇಂಟೆಲ್‌ನ ಎಎಕ್ಸ್201, 9560 ಮಾದರಿಗಳು ಪೂರ್ತಿ ವೈಫೈ ಕಾರ್ಡುಗಳಲ್ಲ, ರೇಡಿಯೋದ ತುಂಡು ಮಾತ್ರ. ಮಿಕ್ಕರ್ಧ ಮಿದುಳು ಇಂಟೆಲ್ ಚಿಪ್‌ಸೆಟ್ ಒಳಗೇ ಇರುತ್ತದೆ. ಅದನ್ನು ಎಎಂಡಿ ಯಂತ್ರಕ್ಕೆ ಹಾಕಿದರೆ ಕಿಂಡಿಗೆ ನೀಟಾಗಿ ಕೂರುತ್ತದೆ, ಸ್ಕ್ರೂ ಕೂಡ ಬೀಳುತ್ತದೆ, ಆದರೆ ಎಲ್‌ಎಸ್‌ಪಿಸಿಐಗೆ ಎಂದೂ ಕಾಣುವುದಿಲ್ಲ. ಎಎಕ್ಸ್200 ಅಥವಾ ಎಎಕ್ಸ್210 ಆದರೆ ನಡೆಯುತ್ತದೆ. ಒಂದೇ ಅಂಕಿಯ ವ್ಯತ್ಯಾಸ, ಕೊಳ್ಳುವಾಗ ಲೇಬಲ್ ಓದಿ. ಹಳೆಯ ಥಿಂಕ್‌ಪ್ಯಾಡ್‌ಗಳದು ಇನ್ನೊಂದು ಹಟ: ಬಯೋಸ್ ಒಪ್ಪಿದ ಕಾರ್ಡು ಅಲ್ಲದಿದ್ದರೆ 1802 ಎಂಬ ಸಂಖ್ಯೆ ತೋರಿಸಿ ಬೂಟೇ ಆಗದೆ ನಿಂತುಬಿಡುತ್ತವೆ.

ವಕೀಲರ ಯಂತ್ರದಲ್ಲಿ ಕಾರ್ಡು ಕಂಡಿತು. ರಿಯಲ್‌ಟೆಕ್ 8822ಸಿಇ. ಫೋನಿನಲ್ಲೇ ಓದಿ ಹೇಳಿದರು. "ಅಂಗಡಿಯಂವ ಬಚಾವ್ ಆದ" ಅಂದೆ.

ಪಡಸಾಲೆಯ ಬಾಗಿಲು ತೆರೆದಿದೆಯೋ?

ಮುಂದಿನ ಪ್ರಶ್ನೆ ಸಿಸ್-ನೆಟ್ ಎದ್ದಿದೆಯೇ ಅನ್ನುವುದು. ಪರದೆಯ ಮೂಲೆಯಲ್ಲಿ ಕಾಣುವ ನೆಟ್‌ವರ್ಕ್ ಚಿತ್ರ ಸಿಸ್-ನೆಟ್ ಒಳಗಿನಿಂದಲೇ ಬರುವುದು. ಹಾಗಾಗಿ ಚಿತ್ರವೇ ಇಲ್ಲ ಅಂದರೆ ಬಹುಶಃ ಸಿಸ್-ನೆಟ್ ಮಲಗಿದೆ. ಚಿತ್ರ ಇದೆ, ವೈಫೈ ಹೆಸರುಗಳು ಮಾತ್ರ ಇಲ್ಲ ಅಂದರೆ ಅದು ಎದ್ದಿದೆ, ಕಾರ್ಡಿನದೇ ತಕರಾರು. ಈ ಒಂದು ನೋಟದಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಮಲಗಿದ್ದರೆ ಡಾಮ್-ಝೀರೋದಲ್ಲಿ ಕ್ಯೂವಿಎಂ-ಸ್ಟಾರ್ಟ್ ಸಿಸ್-ನೆಟ್ ಅನ್ನಿ, ಅದು ಏನು ಬೈಯುತ್ತದೋ ಪೂರ್ತಿ ಓದಿ. ಹೆಚ್ಚಾಗಿ ಮೂರು ಬಗೆಯ ಬೈಗುಳ ಬರುತ್ತವೆ. ಐಓಎಂಎಂಯು ಇಲ್ಲ ಅಂತ ಗೊಣಗಿದರೆ ಬಯೋಸ್‌ಗೆ ಹೋಗಿ ಇಂಟೆಲ್‌ನಲ್ಲಿ ವಿಟಿ-ಡಿ, ಎಎಂಡಿಯಲ್ಲಿ ಐಓಎಂಎಂಯು ಆನ್ ಮಾಡಿ. ಕಾರ್ಡನ್ನು ಒಂದೇ ಕ್ಯೂಬಿನ ಗೋಡೆಯೊಳಗೆ ಕೂಡಿಹಾಕುವ ಶಕ್ತಿ ಇರುವುದು ಅದರಲ್ಲೇ. ಕ್ಯೂಬ್ಸ್-ಎಚ್‌ಸಿಎಲ್-ರಿಪೋರ್ಟ್ ಎಂಬ ಆದೇಶ ಇದು ಆನ್ ಇದೆಯೋ ಇಲ್ಲವೋ ಅಂತ ಒಂದು ಸಾಲಿನಲ್ಲಿ ಹೇಳುತ್ತದೆ.

ಪಿಸಿಐ ಸಾಧನವೇ ಇಲ್ಲ ಅಂದರೆ ವಿಳಾಸ ಬದಲಾಗಿದೆ. ಹೊಸ ಎಸ್‌ಎಸ್‌ಡಿ ಹಾಕಿಸಿದಿರಾ? ಬಯೋಸ್‌ನಲ್ಲಿ ಯಾವುದೋ ಪೋರ್ಟ್ ಬಂದ್ ಮಾಡಿದಿರಾ? ನಿನ್ನೆ 03ರಲ್ಲಿ ಇದ್ದ ಕಾರ್ಡು ಇವತ್ತು 02ಕ್ಕೆ ಸರಿದಿರಬಹುದು, ಸಿಸ್-ನೆಟ್ ಇನ್ನೂ ಹಳೆ ಮನೆ ನಂಬರ್ ಹಿಡಿದು ಬಾಗಿಲು ಬಡಿಯುತ್ತಿದೆ. ಸಿಸ್-ನೆಟ್ ಬಂದ್ ಮಾಡಿ, ಸೆಟ್ಟಿಂಗ್ಸ್‌ನ ಡಿವೈಸಸ್ ಪುಟದಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಬಲಗಡೆಗೆ ಸರಿಸಿ. ಕ್ಯೂಬ್ ಓಡುತ್ತಿರುವಾಗ ಇದನ್ನು ಮಾಡಬೇಡಿ.

ಮೂರನೆಯದು ಸ್ವಲ್ಪ ಕುತಂತ್ರಿ. 'ಪಿಸಿಐ ಸಾಧನವನ್ನು ರೀಸೆಟ್ ಮಾಡಲಾಗುತ್ತಿಲ್ಲ, ಎಫ್‌ಎಲ್‌ಆರ್ ಇಲ್ಲ' ಎಂಬ ಅರ್ಥದ ಸಾಲು. ಎಫ್‌ಎಲ್‌ಆರ್ ಅಂದರೆ ಆ ಒಂದು ಸಾಧನವನ್ನಷ್ಟೇ ರೀಸೆಟ್ ಮಾಡುವ ಸೌಲಭ್ಯ. ಹುಬ್ಬಳ್ಳಿ ವಿದ್ಯಾನಗರದ ಎಂಜಿನಿಯರಿಂಗ್ ಹುಡುಗನೊಬ್ಬ ಇದನ್ನು ನೋಡಿ ಎರಡು ರಾತ್ರಿ ವೈಫೈ ಕಾರ್ಡಿನ ಹಿಂದೆ ಬಿದ್ದಿದ್ದ. ನಾನು ಹೋಗಿ ಆ ಸಾಲಿನಲ್ಲಿದ್ದ ವಿಳಾಸ ನೋಡಿದರೆ ಅದು ವೈಫೈದೇ ಅಲ್ಲ, ಪಕ್ಕದ ಈಥರ್ನೆಟ್ ಪೋರ್ಟಿನದು! ಸಿಸ್-ನೆಟ್‌ಗೆ ಎರಡನ್ನೂ ಕೊಟ್ಟಿದ್ದ. ಒಂದು ರೀಸೆಟ್ ಆಗದೆ ಇಡೀ ಕ್ಯೂಬ್ ಏಳಲಿಲ್ಲ, ಅದರ ಜೊತೆ ತಪ್ಪು ಮಾಡದ ವೈಫೈ ಕೂಡ ಮುಳುಗಿತು. ಈಥರ್ನೆಟ್ ಬೇಡವಾದರೆ ಪಟ್ಟಿಯಿಂದ ತೆಗೆಯಿರಿ. ಬೇಕಿದ್ದರೆ ಅದೇ ಡಿವೈಸಸ್ ಪುಟದ ಕೆಳಗೆ ಸ್ಟ್ರಿಕ್ಟ್ ರೀಸೆಟ್ ಸಡಿಲಿಸುವ ಗುಂಡಿ ಇದೆ, ಆ ಒಂದು ಸಾಧನಕ್ಕೆ ಮಾತ್ರ ಸಡಿಲಿಸಿ.

ಸಡಿಲಿಸಿದರೆ ಭದ್ರತೆ ಹೋಯಿತೇ ಅಂತ ಹುಡುಗ ಕೇಳಿದ. ಒಂದು ಕ್ಯೂಬಿನಿಂದ ಇನ್ನೊಂದಕ್ಕೆ ಸಾಧನ ದಾಟಿಸುವಾಗ ತೊಳೆದು ಕೊಡುವುದೇ ರೀಸೆಟ್. ಎಂದೆಂದಿಗೂ ಸಿಸ್-ನೆಟ್‌ನಲ್ಲೇ ಇರುವ ಕಾರ್ಡನ್ನು ತೊಳೆಯದಿದ್ದರೆ ಅಂಥ ನಷ್ಟವಿಲ್ಲ. 'ಪರ್ಮಿಸಿವ್' ಎಂಬ ಇನ್ನೊಂದು ಆಯ್ಕೆಯ ಮಾತು ಬೇರೆ. ಅದು ಕಾರ್ಡಿನ ಪಿಸಿಐ ಸೆಟ್ಟಿಂಗುಗಳನ್ನು ಮುಟ್ಟಲು ಸಿಸ್-ನೆಟ್‌ಗೆ ಹೆಚ್ಚು ಸಲುಗೆ ಕೊಡುತ್ತದೆ, ಗೋಡೆ ತೆಳುವಾಗುತ್ತದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹಾಕಿಬಿಡಿ ಅಂತ ಹೇಳುವವರ ಮಾತು ಕೇಳಬೇಡಿ. ಮೊದಲನೆಯದು ಸಾಲದೆ ಹೋದಾಗ ಮಾತ್ರ ಎರಡನೆಯದು.

ಎದ್ದಿದೆ, ಆದರೂ ಇಲ್ಲ

ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲಿ. ವಕೀಲರೂ ಇಲ್ಲೇ ಬಿದ್ದಿದ್ದರು. ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋದೆ. ಚಹಾ ಬರುವಷ್ಟರಲ್ಲಿ, "ನಿನ್ನೆ ಏನರ ಬದಲಿ ಮಾಡಿದ್ರೇನು?" ಅಂತ ಕೇಳಿದೆ. "ಏನೂ ಮಾಡಿಲ್ರಿ" ಅಂದರು. ಇಷ್ಟು ವರ್ಷದಲ್ಲಿ ಈ ಪ್ರಶ್ನೆಗೆ ನನಗೆ ಬೇರೆ ಉತ್ತರ ಸಿಕ್ಕೇ ಇಲ್ಲ.

ಸಿಸ್-ನೆಟ್ ಟರ್ಮಿನಲ್ ತೆರೆದು ಅಲ್ಲಿಯೂ ಎಲ್‌ಎಸ್‌ಪಿಸಿಐ ಅನ್ನಬೇಕು. ಅಲ್ಲಿ ಕಾರ್ಡಿನ ವಿಳಾಸ ಡಾಮ್-ಝೀರೋದಲ್ಲಿ ಬರೆದುಕೊಂಡದ್ದಕ್ಕಿಂತ ಬೇರೆ ಇರುತ್ತದೆ, 00:06.0 ಅಥವಾ 00:07.0 ಹೀಗೆ. ಅದು ಸರಿಯೇ. ಪಡಸಾಲೆಗೆ ತನ್ನದೇ ಲೆಕ್ಕ. ಆಮೇಲೆ ಕಾರ್ಯವ್ಯವಸ್ಥೆಯ ತಿರುಳು, ಅಂದರೆ ಕರ್ನಲ್, ಬರೆದಿಟ್ಟ ದಿನಚರಿ ತೋರಿಸುವ ಡಿಮೆಸ್ಗ್ ಆದೇಶ ಕೊಟ್ಟು 'ಫರ್ಮ್‌ವೇರ್' ಎಂಬ ಪದ ಇರುವ ಸಾಲುಗಳನ್ನು ಗ್ರೆಪ್‌ನಿಂದ ಸೋಸಬೇಕು.

ನಾನು ಸುಡೋ ಅಂದರೆ (ಯಜಮಾನನ ಅಧಿಕಾರ ಕೇಳುವ ಆದೇಶ) ಅದು ಪಾಸ್‌ವರ್ಡ್ ಕೇಳಿತು. ಅಲ್ಲಿಗೆ ನನಗೆ ವಾಸನೆ ಹತ್ತಿತು. ಕ್ಯೂಬುಗಳು ತಮ್ಮ ತಂತ್ರಾಂಶವನ್ನು ಪಡೆಯುವ ಅಚ್ಚಿಗೆ ಟೆಂಪ್ಲೇಟ್ ಅನ್ನುತ್ತಾರೆ; ಫೆಡೋರಾ, ಡೆಬಿಯನ್ ಎಂಬ ಲಿನಕ್ಸ್‌ಗಳ ಅಚ್ಚುಗಳಿರುತ್ತವೆ. ಕ್ಯೂಬ್ಸ್‌ನ ಪೂರ್ಣ ಟೆಂಪ್ಲೇಟುಗಳಲ್ಲಿ ಸುಡೋ ಪಾಸ್‌ವರ್ಡ್ ಕೇಳುವುದಿಲ್ಲ, ಕೇಳುವುದು 'ಮಿನಿಮಲ್' ಟೆಂಪ್ಲೇಟ್. "ಸಿಸ್-ನೆಟ್‌ನ ಟೆಂಪ್ಲೇಟ್ ಬದಲಿ ಮಾಡೀರೇನು?" ಅಂದೆ. "ಓ, ಅದಾ... ರ‍್ಯಾಮ್ ಉಳೀಲಿ ಅಂತ ಡೆಬಿಯನ್ ಮಿನಿಮಲ್ ಹಾಕೀನಿ. ಅದೇನ್ ಬದಲಿ ಅಲ್ಲಲ್ರಿ."

ಡಾಮ್-ಝೀರೋದಿಂದ ಕ್ಯೂವಿಎಂ-ರನ್ ಆದೇಶಕ್ಕೆ ಅಡ್ಡಗೆರೆ ಯು ರೂಟ್ ಸೇರಿಸಿ ಸಿಸ್-ನೆಟ್‌ನ ಎಕ್ಸ್‌ಟರ್ಮ್ ತೆರೆದರೆ ಪಾಸ್‌ವರ್ಡ್ ತಂಟೆ ಇಲ್ಲ. ಒಳಗೆ ಸಾಲು ಸಿದ್ಧವಾಗಿ ಕಾಯುತ್ತಿತ್ತು: ಆರ್‌ಟಿಡಬ್ಲ್ಯೂ88 ಕಡತಕೋಶದ 8822ಸಿ ಫರ್ಮ್‌ವೇರ್ ಲೋಡ್ ಆಗಲಿಲ್ಲ, ಎರರ್ -2.

ಈ ಋಣ ಸಂಖ್ಯೆಗಳನ್ನು ಓದಲು ಕಲಿತರೆ ತಲೆನೋವು ಕಡಿಮೆ. -2 ಅಂದರೆ ಕಡತವೇ ಇಲ್ಲ. -12 ಅಂದರೆ ಮೆಮೊರಿ ಸಾಲಲಿಲ್ಲ. ಸಿಸ್-ನೆಟ್‌ಗೆ ಸಾಮಾನ್ಯವಾಗಿ ಸುಮಾರು 400 ಎಂಬಿ ಕೊಟ್ಟಿರುತ್ತದೆ, ಪಿಸಿಐ ಸಾಧನ ಇರುವ ಕ್ಯೂಬಿಗೆ ತಾನಾಗಿ ಮೆಮೊರಿ ಹೆಚ್ಚುವುದಿಲ್ಲ, ನೀವೇ ಏರಿಸಬೇಕು. -110 ಅಂದರೆ ಕಾರ್ಡು ಕರೆದರೂ ಓಗೊಡಲಿಲ್ಲ, ಹೊತ್ತು ಮೀರಿತು. ಆಗ ಮೇಲೆ ಹೇಳಿದ ಪವರ್ ಬಟನ್ ಚಿಕಿತ್ಸೆ, ಆಮೇಲೆ ರೀಸೆಟ್ ಆಯ್ಕೆ.

ಇಂಟೆಲ್ ಕಾರ್ಡಿನವರಿಗೆ ಒಂದು ಎಚ್ಚರಿಕೆ. ಐಡಬ್ಲ್ಯೂಎಲ್‌ವೈಫೈ ಡ್ರೈವರ್ ತನಗೆ ಗೊತ್ತಿರುವ ಅತಿ ಹೊಸ ಫರ್ಮ್‌ವೇರ್‌ನಿಂದ ಕೇಳಲು ಶುರುಮಾಡಿ, ಸಿಗದಿದ್ದರೆ ಒಂದೊಂದೇ ಮೆಟ್ಟಿಲು ಕೆಳಗಿಳಿಯುತ್ತದೆ. ಸಂತೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಒಂದನೇ ನಂಬರ್ ಮಾಲಿದೆಯೇ, ಇಲ್ಲವೇ, ಹಾಗಾದರೆ ಎರಡನೆಯದು ಕೊಡು ಅಂದ ಹಾಗೆ. ಹಾಗಾಗಿ -2 ಇರುವ ಸಾಲು ನಾಲ್ಕೈದು ಬಂದು, ಕೊನೆಗೆ 'ಲೋಡೆಡ್ ಫರ್ಮ್‌ವೇರ್ ವರ್ಷನ್' ಎಂಬ ಸಾಲು ಬಂದರೆ ಅಲ್ಲಿ ದೋಷವಿಲ್ಲ, ಬೇರೆ ಕಡೆ ಹುಡುಕಿ. ಆ ಕೊನೆಯ ಸಾಲು ಇಲ್ಲದಿದ್ದರೆ ಮಾತ್ರ ಫರ್ಮ್‌ವೇರ್ ಇಲ್ಲ ಅಂತ ಅರ್ಥ.

ಇದೆಲ್ಲ ಓದುವ ತಾಳ್ಮೆ ಇಲ್ಲದವರಿಗೆ ನನ್ನ ಮೆಚ್ಚಿನ ಪರೀಕ್ಷೆ: ಸಿಸ್-ನೆಟ್ ಬಂದ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಟೆಂಪ್ಲೇಟ್ ಅನ್ನು ಇನ್ನೊಂದಕ್ಕೆ, ಡೆಬಿಯನ್ ಇದ್ದರೆ ಫೆಡೋರಾಕ್ಕೆ, ಫೆಡೋರಾ ಇದ್ದರೆ ಡೆಬಿಯನ್‌ಗೆ ಬದಲಿಸಿ ಮತ್ತೆ ಹಚ್ಚಿ. ಎರಡು ನಿಮಿಷದ ಕೆಲಸ. ವೈಫೈ ಬಂದರೆ ಕಾರ್ಡು, ಬಯೋಸ್, ಕ್ಸೆನ್, ಕರ್ನಲ್ ಎಲ್ಲಕ್ಕೂ ಕ್ಲೀನ್ ಚಿಟ್. ತಪ್ಪು ಮೊದಲಿನ ಟೆಂಪ್ಲೇಟಿನದು. ಕರ್ನಲ್ ಕೂಡ ಯಾಕೆ ಬಚಾವ್ ಅಂದರೆ, ಕ್ಯೂಬ್ಸ್‌ನಲ್ಲಿ ಸಿಸ್-ನೆಟ್‌ನ ಕರ್ನಲ್ ಬರುವುದು ಟೆಂಪ್ಲೇಟಿನಿಂದಲ್ಲ, ಡಾಮ್-ಝೀರೋದಿಂದ. ಡ್ರೈವರ್ ಕರ್ನಲ್ ಜೊತೆ, ಫರ್ಮ್‌ವೇರ್ ಟೆಂಪ್ಲೇಟ್ ಜೊತೆ. ವರನ ಕಡೆಯವರು ಒಂದೂರಿನಿಂದ, ವಧುವಿನ ಕಡೆಯವರು ಇನ್ನೊಂದೂರಿನಿಂದ ಬರುವ ಮದುವೆ ಇದು. ಒಬ್ಬರು ತಡವಾದರೂ ಮುಹೂರ್ತ ತಪ್ಪುತ್ತದೆ. ಮಾರುಕಟ್ಟೆಗೆ ಈಗಷ್ಟೇ ಬಂದ ಕಾರ್ಡಾದರೆ ತಡವಾಗುವುದು ಕರ್ನಲ್. ಆಗ ಡಾಮ್-ಝೀರೋದಲ್ಲಿ ಕರ್ನಲ್-ಲೇಟೆಸ್ಟ್-ಕ್ಯೂಬ್ಸ್-ವಿಎಂ ಪ್ಯಾಕೇಜ್ ಹಾಕಿ, ಸಿಸ್-ನೆಟ್‌ಗೆ ಆ ಕರ್ನಲ್ ಆಯ್ಕೆ ಮಾಡಬೇಕು.

ವಕೀಲರ ಸಿಸ್-ನೆಟ್ ಅನ್ನು ಮೊದಲಿದ್ದ ಫೆಡೋರಾಕ್ಕೆ ತಿರುಗಿಸಿದೆವು. ಸುತ್ತಮುತ್ತಲಿನ ಮನೆಗಳ ವೈಫೈ ಹೆಸರುಗಳು ಸಾಲಾಗಿ ಬಂದವು. "ಬಂತ್ರಿ!" ಅಂತ ಎದ್ದೇ ನಿಂತರು.

ಆದರೂ ಅವರಿಗೆ ಮಿನಿಮಲ್ಲೇ ಬೇಕು. 8 ಜಿಬಿ ಯಂತ್ರ, ತಪ್ಪೇನಿಲ್ಲ. ಈಗ ನೆಟ್ ಇತ್ತಲ್ಲ, ಡೆಬಿಯನ್ ಮಿನಿಮಲ್ ಟೆಂಪ್ಲೇಟ್ ಒಳಗೆ ಫರ್ಮ್‌ವೇರ್-ರಿಯಲ್‌ಟೆಕ್ ಪ್ಯಾಕೇಜ್ ಹಾಕಿದೆವು. ಇಂಟೆಲ್ ಆಗಿದ್ದರೆ ಫರ್ಮ್‌ವೇರ್-ಐಡಬ್ಲ್ಯೂಎಲ್‌ವೈಫೈ. ಡೆಬಿಯನ್ 12ರಿಂದ, ಅಂದರೆ 2023ರಿಂದ, ಇವುಗಳಿಗೆ ನಾನ್-ಫ್ರೀ-ಫರ್ಮ್‌ವೇರ್ ಎಂಬ ಪ್ರತ್ಯೇಕ ವಿಭಾಗವಿದೆ. ಪ್ಯಾಕೇಜ್ ಸಿಗುತ್ತಿಲ್ಲ ಅಂದರೆ ಸೋರ್ಸಸ್ ಪಟ್ಟಿಯಲ್ಲಿ ಆ ಪದ ಇದೆಯೋ ನೋಡಿ. ಫೆಡೋರಾದಲ್ಲಿಯೂ ಮೊದಲು ಒಂದೇ ಗಂಟಾಗಿದ್ದ ಫರ್ಮ್‌ವೇರ್ ಈಗ ಕಂಪನಿವಾರು ಬೇರೆ ಬೇರೆ ಪ್ಯಾಕೇಜ್ ಆಗಿದೆ; ಅಪ್‌ಗ್ರೇಡ್ ಆದ ಮರುದಿನ ವೈಫೈ ಹೋದವರು ಅಲ್ಲಿ ಹುಡುಕಬೇಕು.

ಹಾಕುವುದು ಟೆಂಪ್ಲೇಟಿನಲ್ಲಿ, ಸಿಸ್-ನೆಟ್‌ನಲ್ಲಿ ಅಲ್ಲ. ಸಿಸ್-ನೆಟ್‌ನಲ್ಲಿ ಹಾಕಿದ ಪ್ಯಾಕೇಜ್ ಅದನ್ನು ಬಂದ್ ಮಾಡಿದ ಕೂಡಲೇ ಮರಳಿನ ಮೇಲೆ ಬರೆದಂತೆ ಅಳಿಸುತ್ತದೆ. ಹಾಕಿದ ಮೇಲೆ ಮೊದಲು ಟೆಂಪ್ಲೇಟ್ ಬಂದ್ ಮಾಡಿ, ಆಮೇಲೆ ಸಿಸ್-ನೆಟ್ ಬಂದ್ ಮಾಡಿ ಹಚ್ಚಿ. ಈ ಕ್ರಮ ತಪ್ಪಿಸಿ "ಹಾಕಿದ್ರೂ ಬರವಲ್ದು" ಅನ್ನುವವರೇ ಜಾಸ್ತಿ.

ಯಾವ ಟೆಂಪ್ಲೇಟಿನಲ್ಲಿಯೂ ವೈಫೈ ಇಲ್ಲದಿದ್ದರೆ? ಪ್ಯಾಕೇಜ್ ತರಲು ನೆಟ್ ಬೇಕು, ನೆಟ್ ಬರಲು ಪ್ಯಾಕೇಜ್ ಬೇಕು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು. ಈಥರ್ನೆಟ್ ತಂತಿ ಇದ್ದರೆ ಅದೇ ಸುಲಭ. ಇಲ್ಲದಿದ್ದರೆ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಚುಚ್ಚಿ, ಮೊದಲು ಫೋನಿನಲ್ಲಿ ಟೆದರಿಂಗ್ ಆನ್ ಮಾಡಿ, ಆಮೇಲೆ ಸಾಧನಗಳ ಚಿತ್ರ ಒತ್ತಿ ಫೋನನ್ನು ಸಿಸ್-ನೆಟ್‌ಗೆ ಜೋಡಿಸಿ. ಹಿಂದುಮುಂದಾದರೆ ಕೆಲಸ ಆಗುವುದಿಲ್ಲ, ಯಾಕೆಂದರೆ ಟೆದರಿಂಗ್ ಒತ್ತಿದ ಕ್ಷಣ ಫೋನು ಒಮ್ಮೆ ಕಳಚಿಕೊಂಡು ಹೊಸ ವೇಷದಲ್ಲಿ ಬರುತ್ತದೆ.

ಸ್ವಿಚ್ಚು

ಫರ್ಮ್‌ವೇರ್ ಇದೆ, ಡ್ರೈವರ್ ಇದೆ, ಹೆಸರುಗಳು ಮಾತ್ರ ಇಲ್ಲ ಅಂದರೆ ಸಿಸ್-ನೆಟ್‌ನಲ್ಲಿ ಆರ್‌ಎಫ್‌ಕಿಲ್ ಲಿಸ್ಟ್ ಅನ್ನಿ. ಸಾಫ್ಟ್ ಬ್ಲಾಕ್ ಇದ್ದರೆ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ ಅಂದರೆ ಮುಗಿಯಿತು. ಹಾರ್ಡ್ ಬ್ಲಾಕ್ ಇದ್ದರೆ ಯಾವ ಆದೇಶಕ್ಕೂ ಜಗ್ಗುವುದಿಲ್ಲ. ಗದಗಿನ ಗೆಳೆಯನೊಬ್ಬ ಥಿಂಕ್‌ಪ್ಯಾಡ್ ಎಕ್ಸ್230ರಲ್ಲಿ ಮೂರು ಸಲ ಕ್ಯೂಬ್ಸ್ ಮರುಸ್ಥಾಪಿಸಿದ್ದ. ಯಂತ್ರದ ಅಂಚಿಗೆ ಉಗುರಿನಷ್ಟು ಅಗಲದ ಸರಿಯುವ ಗುಂಡಿ ಇದೆಯಲ್ಲ, ಅದನ್ನು ಆ ಕಡೆ ತಳ್ಳು ಅಂದೆ ಫೋನಿನಲ್ಲಿ. ಬ್ಯಾಗಿನಲ್ಲಿ ತುರುಕುವಾಗ ಸರಿದಿತ್ತು. ಹೊಸ ಯಂತ್ರಗಳಲ್ಲಿ ಆ ಕೆಲಸ ಏರೋಪ್ಲೇನ್ ಚಿತ್ರದ ಕೀಲಿಯದು.

ಯುಎಸ್‌ಬಿ ಡಾಂಗಲ್ ತಂದರೆ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳುವವರಿಗೆ ಒಂದು ಮಾತು. ಡಾಂಗಲ್ ಬರುವುದು ಯುಎಸ್‌ಬಿ ಪೋರ್ಟುಗಳನ್ನು ನೋಡಿಕೊಳ್ಳುವ ಸಿಸ್-ಯುಎಸ್‌ಬಿ ಕ್ಯೂಬಿನ ದಾರಿಯಿಂದ, ಅಲ್ಲಿಂದ ಸಿಸ್-ನೆಟ್‌ಗೆ ದಾಟಿಸಿದ ವೈಫೈ ಆಗಾಗ ಕೈಕೊಡುತ್ತದೆ. ಸಿಸ್-ಯುಎಸ್‌ಬಿಯನ್ನೇ ನೆಟ್‌ವರ್ಕ್ ಕೊಡುವ ಕ್ಯೂಬ್ ಮಾಡಿಕೊಳ್ಳುವುದು ವಾಸಿ. ಆದರೆ ಆಗ ಪೆನ್‌ಡ್ರೈವ್ ಮತ್ತು ಇಂಟರ್ನೆಟ್ ಎರಡೂ ಒಂದೇ ಪಡಸಾಲೆಯಲ್ಲಿ ಕೂರುತ್ತವೆ. ಕ್ಯೂಬ್ಸ್ ಹಾಕಿಕೊಂಡವರು ಅದನ್ನು ಒಪ್ಪುತ್ತಾರೋ ಇಲ್ಲವೋ ಅವರೇ ಹೇಳಬೇಕು.

ಮುಚ್ಚಳ ಮುಚ್ಚಿ ತೆರೆದ ಮೇಲೆ

ಇದಾಗಿ ವಾರಕ್ಕೆ ವಕೀಲರ ಫೋನು ಮತ್ತೆ. "ಕೋರ್ಟಿನಾಗ ಮುಚ್ಚಳ ಮುಚ್ಚಿ ಮನಿಗೆ ಬಂದು ತೆಗೆದ್ರ ವೈಫೈ ಇಲ್ಲ. ರೀಸ್ಟಾರ್ಟ್ ಮಾಡಿದ್ರ ಬರತೈತಿ." ಈ ಸಲ ಯಾರಿಗೆ ಕಾಣವಲ್ದು ಅಂತ ಅವರೇ ಹೇಳಿದರು: ಡಾಮ್-ಝೀರೋ ಪಟ್ಟಿಯಲ್ಲಿ ಇದೆ, ಸಿಸ್-ನೆಟ್ ಎದ್ದಿದೆ, ಎರರ್ ಬಂದದ್ದು ಮುಚ್ಚಳ ತೆರೆದ ಹೊತ್ತಿನಲ್ಲಿ. ನನಗೆ ಉಳಿದದ್ದು ಮದ್ದು ಹೇಳುವುದಷ್ಟೇ. ಸಸ್ಪೆಂಡ್ ಆಗುವ ಮುನ್ನ ಡ್ರೈವರ್ ಕಳಚಿ, ಎದ್ದ ಮೇಲೆ ಮತ್ತೆ ಹಾಕುವಂತೆ ಕ್ಯೂಬ್ಸ್‌ಗೆ ಹೇಳಬಹುದು. ಸಿಸ್-ನೆಟ್‌ನ ಆರ್‌ಡಬ್ಲ್ಯೂ ಕಡತಕೋಶದ ಕಾನ್ಫಿಗ್ ಒಳಗೆ ಸಸ್ಪೆಂಡ್-ಮಾಡ್ಯೂಲ್-ಬ್ಲ್ಯಾಕ್‌ಲಿಸ್ಟ್ ಎಂಬ ಕಡತವಿದೆ. ಅದರಲ್ಲಿ ಡ್ರೈವರ್ ಮಾಡ್ಯೂಲಿನ ಹೆಸರನ್ನು ಸಾಲಿಗೊಂದರಂತೆ ಬರೆಯಬೇಕು. ಇಂಟೆಲ್‌ಗೆ ಐಡಬ್ಲ್ಯೂಎಲ್‌ಎಂವಿಎಂ ಮೊದಲು, ಐಡಬ್ಲ್ಯೂಎಲ್‌ವೈಫೈ ಆಮೇಲೆ. ಬೇರೆ ಕಾರ್ಡಿನವರು ಸಿಸ್-ನೆಟ್ ಒಳಗೆ ಎಲ್‌ಎಸ್‌ಪಿಸಿಐ ಅಡ್ಡಗೆರೆ ಕೆ 'ಕರ್ನಲ್ ಮಾಡ್ಯೂಲ್ಸ್' ಸಾಲಿನಲ್ಲಿ ತೋರಿಸುವ ಹೆಸರನ್ನೇ ಬರೆಯಬಹುದು. ಆರ್‌ಡಬ್ಲ್ಯೂ ಒಳಗಿನದು ಸಿಸ್-ನೆಟ್ ಬಂದ್ ಮಾಡಿದರೂ ಉಳಿಯುತ್ತದೆ, ಹಾಗಾಗಿ ಈ ಒಂದು ಬದಲಾವಣೆಗೆ ಟೆಂಪ್ಲೇಟ್ ಮುಟ್ಟಬೇಕಿಲ್ಲ.

"ಬರಕೊಂಡೆ" ಅಂದರು. "ಈ ಸಲ ಮತ್ತ ಏನರ ಬದಲಿ ಮಾಡೀರೇನು?" ಅಂತ ಕೇಳಿದೆ.

"ಏನೂ ಮಾಡಿಲ್ರಿ" ಅಂದರು.